ಕೋಬಾಲ್ಟ್ ಮೇಡಂ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಾಗರದ ನಮ್ಮ ಕಾಲೇಜಿಗೆ ಬಂದಿದ್ದಳು. ಪರಮಾಣು ವಿಜ್ಞಾನದ ಸಂಶೋಧನಾ ಕೇಂದ್ರವೊಂದರಲ್ಲಿ ತರಬೇತಿಗೆ ಸೇರಿದ್ದಾಳೆ. ಕರ್ಚೀಫಿನಲ್ಲಿ ಸುತ್ತಿ ತಂದಿದ್ದ ಪುಟ್ಟ ಶೀಶೆಯೊಂದನ್ನು ನನ್ನ ಮೇಜಿನ ಮೇಲಿಟ್ಟಳು. ಶೀಶೆ ಖಾಲಿ. ಗಾಜು ಮಾತ್ರ ಡಿಕಾಕ್ಷನ್ ಹೀರಿಕೊಂಡ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು.

"ಗಾಮಾ ಕಿರಣಕ್ಕೆ ಇಟ್ಟಿದ್ದು ಮೇಡಂ. ಬಿಳಿ ಗಾಜೇ ಹೀಗಾಗೋಯ್ತು. ನಿಮಗೆ ತೋರಿಸ್ಬೇಕು ಅನ್ನಿಸ್ತು" ಎಂದಳು.

ನಾನು ಅದನ್ನು ಕೈಗೆತ್ತಿಕೊಂಡೆ. ಹುಡುಗಿ ಇನ್ನೂ ಏನೇನೋ ಹೇಳುತ್ತಿದ್ದಳು. ನನ್ನ ಮನಸ್ಸು ಆಗಲೇ ಹೊಸನಗರದ ನಮ್ಮ ಹಳೆಯ ಬಾಡಿಗೆ ಮನೆಯ ಅಡುಗೆಮನೆಗೆ ಹೋಗಿಬಿಟ್ಟಿತ್ತು...

ಪಿಯುಸಿಯಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸಿದ ಮೇಡಂ ಒಬ್ಬರಿದ್ದರು. ತೀರ್ಥಹಳ್ಳಿ ಕಡೆಯವರು. ಎತ್ತರದ ಆಳು, ದೊಡ್ಡ ಕನ್ನಡಕ, ತುಸು ಒಡಕು ದನಿ. ಉಪನ್ಯಾಸಕಿಯಾಗುವ ಮೊದಲು ಕೆಲವು ವರ್ಷ ದೂರದ ಊರಿನ ಸಂಶೋಧನಾಲಯದಲ್ಲಿದ್ದವರು. ನೀರಿನ ಮೇಲೆ ವಿಕಿರಣ ಬಿದ್ದರೆ ಏನಾಗುತ್ತದೆ ಎಂಬುದೇ ಅಲ್ಲಿ ಅವರ ಕೆಲಸವಾಗಿತ್ತು. ಯಾವ ಪಾಠ ಶುರುಮಾಡಿದರೂ ಅರ್ಧದಲ್ಲಿ ಒಮ್ಮೆ, ಅಲ್ಲಿ ಆ ವಿಕಿರಣ ಸೂಸುತ್ತಿದ್ದ ಕೋಬಾಲ್ಟಿನ ಕಡೆಗೆ ಹೋಗಿಬರುತ್ತಿದ್ದರು. ನಮಗಿಂತ ಹಿಂದಿನ ತರಗತಿಯ ಹುಡುಗರು ಯಾರೋ 'ಕೋಬಾಲ್ಟ್ ಮೇಡಂ' ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. "ಪಾದರಸ ಅಂತ ಇಡ್ಲಿಲ್ವಲ್ಲ, ಪುಣ್ಯ" ಎಂದು ನಕ್ಕಿದ್ದರಂತೆ.

ನೀರಿನ ಅಣು ಒಡೆದಾಗ ಹುಟ್ಟುವ ಚೂರುಗಳ ಬಗ್ಗೆ ಅವರು ಮನೆಯ ಕೂಸುಗಳ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು. ಅವುಗಳಲ್ಲಿ ಒಂದು, ಸುತ್ತ ನೀರಿನ ಅಣುಗಳನ್ನು ಹೊದ್ದುಕೊಂಡು ಕೂತ ಒಂಟಿ ಎಲೆಕ್ಟ್ರಾನು. "ಅದಕ್ಕೆ ನೀಲಿ ಬಣ್ಣ ಕಣ್ರೋ. ಆದ್ರೆ ನಮ್ಮ ಕಣ್ಣಿಗೆ ಕಾಣೋಷ್ಟು ಹೊತ್ತು ಅದು ಬದುಕಲ್ಲ. ಯಂತ್ರಕ್ಕೆ ಮಾತ್ರ ಕಾಣ್ತದೆ" ಎನ್ನುವಾಗ ಅವರ ಮುಖ ನೋಡಬೇಕಿತ್ತು. ಹಿಂದಿನ ಬೆಂಚಿನ ಗಲಾಟೆಯೂ ಆ ಮಾತಿಗೆ ನಿಲ್ಲುತ್ತಿತ್ತು.

ಊರಿನವರ ಮಾತು ಬೇರೆ ಇತ್ತು. ಮೇಡಂಗೆ ಮಕ್ಕಳಿರಲಿಲ್ಲ. ಆ ವಿಕಿರಣದ ಕೆಲಸ ಮಾಡಿಯೇ ಹಾಗಾಯಿತು ಎಂದು ಹೆಂಗಸರು ತಮ್ಮತಮ್ಮಲ್ಲೇ ತೀರ್ಮಾನಿಸಿಬಿಟ್ಟಿದ್ದರು. ಅವರ ಮನೆಯ ಬಾವಿಯ ನೀರು ಕುಡಿಯಲು ಹಿಂಜರಿಯುವವರೂ ಇದ್ದರು. ಅವರ ಗಂಡ ಅಂಚೆ ಕಚೇರಿಯಲ್ಲಿದ್ದರು, ಮಿತಭಾಷಿ. ಇಬ್ಬರೂ ಈ ಮಾತುಗಳಿಗೆ ಉತ್ತರ ಕೊಡಲು ಹೋದವರಲ್ಲ.

ನಾನು ಮೊದಲ ಪಿಯುಸಿಯಲ್ಲಿದ್ದಾಗ ಅಮ್ಮನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಅಮ್ಮ ಅಂಗನವಾಡಿಯಲ್ಲಿ ಕೆಲಸಕ್ಕಿದ್ದಳು. ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ ಇಟ್ಟುಕೊಂಡಿದ್ದ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ ಕರೆಂಟು ಕೊಡಬೇಕೆಂದರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಹಾಗೇ ಹೇಳುತ್ತಿದ್ದುದು. ಅಮ್ಮ ಅಲ್ಲೇ ಒಂದು ಕೋಣೆ ಹಿಡಿದುಕೊಂಡು ಇದ್ದು, ದಿನಾ ಯಂತ್ರದ ಕೆಳಗೆ ಮಲಗಿ ಬರುತ್ತಿದ್ದಳು. ಅರ್ಧ ಮುಗಿದಿತ್ತು. ನಡುವೆ ಹಬ್ಬದ ರಜೆಗೆ ಊರಿಗೆ ಬಂದವಳು ಮತ್ತೆ ಹೋಗುವುದಿಲ್ಲ ಎಂದು ಕೂತುಬಿಟ್ಟಳು.

ಕತ್ತಿನಿಂದ ಕೆಳಗೆ, ಕಿರಣ ಬಿದ್ದ ಕಡೆ, ಅವಳ ಚರ್ಮ ಕಪ್ಪಾಗಿತ್ತು. ಅದನ್ನು ನೋಡಿದವರು ಹೆದರಿದರು. ಅತ್ತೆ, ಅಂದರೆ ಅಪ್ಪನ ಅಕ್ಕ, ಪಕ್ಕದ ಮನೆಯಲ್ಲೇ ಇದ್ದರು. ಅಮ್ಮನ ಕಾಯಿಲೆಯಲ್ಲಿ ನಮ್ಮ ಮನೆಯನ್ನು ಹೊತ್ತು ನಡೆಸಿದವರೂ ಅವರೇ. ಅವರು ಕೆಟ್ಟವರಲ್ಲ, ಭಯಪಟ್ಟಿದ್ದರು ಅಷ್ಟೆ. ಅಮ್ಮನಿಗೆ ತಟ್ಟೆ ಲೋಟ ಬೇರೆ ಮಾಡಿದರು. ಆಗಷ್ಟೇ ನಡೆಯಲು ಕಲಿತಿದ್ದ ಮೊಮ್ಮಗಳನ್ನು ನಮ್ಮ ಮನೆಗೆ ಕರೆತರುವುದನ್ನು ನಿಲ್ಲಿಸಿದರು. ಅಂಗನವಾಡಿಯ ತಾಯಂದಿರೂ ಮಾತಾಡಿಕೊಂಡ ಸುದ್ದಿ ಬಂತು. ಆ ಟೀಚರ್ ಮತ್ತೆ ಬಂದರೆ ನಾವು ಮಕ್ಕಳನ್ನು ಕಳಿಸುವುದಿಲ್ಲ ಎಂದು.

ಅಮ್ಮನನ್ನು ಮುರಿದದ್ದು ಆ ಮಾತು. "ಅಷ್ಟು ಸಣ್ಣ ಮಕ್ಕಳ ಮೈಗೆ ನನ್ನಿಂದ ಇದು ತಾಗೋದು ಬೇಡ. ಇನ್ನೂ ಕರೆಂಟು ತಗೊಂಡ್ರೆ ಇನ್ನೂ ಜಾಸ್ತಿ ಆಗ್ತದೆ. ಬದುಕೋದಾದ್ರೆ ಹೀಗೇ ಬದುಕ್ತೀನಿ" ಎಂದಳು. ಅಪ್ಪ ಗೋಗರೆದ. ನಾನು ಅತ್ತೆಯ ಜೊತೆ ಜಗಳವಾಡಿದೆ. ಆದರೆ ಅವರು "ನಿಂಗೆ ಗೊತ್ತಾ? ಓದಿದೀಯಾ ಅದನ್ನ?" ಎಂದರು. ನನಗೆ ಗೊತ್ತಿರಲಿಲ್ಲ.

ಮರುದಿನ ತರಗತಿಯಲ್ಲಿ, ನಡೆಯುತ್ತಿದ್ದ ಪಾಠಕ್ಕೆ ಸಂಬಂಧವೇ ಇಲ್ಲದೆ ಎದ್ದು ನಿಂತು ಕೇಳಿದೆ. "ಕಿರಣ ಬಿಟ್ಟ ನೀರಲ್ಲಿ ಆ ಕಿರಣ ಉಳ್ಕೊಳ್ತದಾ ಮೇಡಂ?"

ಅವರು ಸೀಮೆಸುಣ್ಣ ಕೆಳಗಿಟ್ಟರು. "ಉಳಿಯಲ್ಲ. ನೀರು ಒಡೆದು ಚೂರಾಗ್ತದೆ, ಚೂರುಗಳು ತಮ್ಮತಮ್ಮಲ್ಲೇ ಸೇರಿ ಮುಗಿದುಹೋಗ್ತವೆ. ಕೊನೆಗೆ ಗಾಯ ತೊಳೆಯೋ ಹೈಡ್ರೋಜನ್ ಪೆರಾಕ್ಸೈಡ್ ಒಂಚೂರು ಸಿಕ್ಕೀತು, ಅಷ್ಟೆ. ಯಾಕೆ ಕೇಳಿದೆ?"

ನಾನು ಅಳತೊಡಗಿದೆ. ಅವರು ಉಳಿದವರಿಗೆ ಏನೋ ಲೆಕ್ಕ ಕೊಟ್ಟು, ನನ್ನನ್ನು ಲ್ಯಾಬಿಗೆ ಕರೆದೊಯ್ದು ಎಲ್ಲ ಕೇಳಿಸಿಕೊಂಡರು. ಅಮ್ಮನಿಗೆ ಕೊಡುತ್ತಿರುವುದು ಯಾವ ಬಗೆಯ ಚಿಕಿತ್ಸೆ ಎಂದು ನನಗೆ ಹೇಳಲಾಗಲಿಲ್ಲ. ಮೇಡಂ ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರ ಹತ್ತಿರವೇ ಕೇಳಿ ತಿಳಿದುಕೊಂಡರು. ಭಾನುವಾರ ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೆ ಬಂದರು.

ಅವರು ಬರುತ್ತಾರೆಂದು ತಿಳಿದು ಅತ್ತೆಯೂ ಬಂದಿದ್ದರು. ಅಕ್ಕಪಕ್ಕದ ಇಬ್ಬರು ಹೆಂಗಸರು ಬಾಗಿಲ ಹತ್ತಿರವೇ ನಿಂತಿದ್ದರು. ಮೇಡಂ ಸೀದಾ ಒಳಗೆ ಹೋಗಿ ಅಮ್ಮನ ಮಂಚದ ಮೇಲೆ, ಅಮ್ಮನಿಗೆ ಒತ್ತಿಕೊಂಡೇ ಕೂತರು. ಚೀಲದಿಂದ ಒಂದು ಗಾಜಿನ ನಳಿಕೆ ತೆಗೆದು ಅವಳ ಕೈಯಲ್ಲಿಟ್ಟರು. ಕಂದು ಬಣ್ಣದ್ದು. ಸಂಶೋಧನಾಲಯ ಬಿಟ್ಟು ಬರುವಾಗ ಅವರು ತಂದುಕೊಂಡಿದ್ದದ್ದು ಅದೊಂದೇ.

"ಇದು ಬಿಳಿ ಗಾಜಾಗಿತ್ತು. ನಿಮಗೆ ಕೊಟ್ಟಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕಿರಣ ಇದರ ಮೇಲೆ ಬಿದ್ದಿದೆ. ಇಷ್ಟು ವರ್ಷ ನನ್ನ ಮೇಜಿನ ಮೇಲೇ ಇತ್ತು. ಇದು ಯಾರಿಗೂ ಏನೂ ಮಾಡಲ್ಲ. ಬೇರೆಯವರಿಗೆ ಕೊಡೋಕೆ ಇದರ ಹತ್ರ ಏನೂ ಉಳಿದಿಲ್ಲ."

ಅಮ್ಮ ತನ್ನ ಕತ್ತು ಮುಟ್ಟಿಕೊಂಡು, "ನಂಗೂ ಹೀಗೇ ಕಪ್ಪಾಗಿದ್ದಾ?" ಎಂದಳು.

"ಅಲ್ಲ, ಅದರ ಕಾರಣ ಬೇರೆ. ನಿಮ್ಮದು ಜೀವ ಇರೋ ಚರ್ಮ, ನಿಧಾನಕ್ಕೆ ತಾನೇ ಸರಿ ಆಗ್ತದೆ. ಈ ಗಾಜಲ್ಲಿ ಎಲೆಕ್ಟ್ರಾನುಗಳು ದಾರಿ ತಪ್ಪಿ ಸಿಕ್ಕಿಹಾಕ್ಕೊಂಡಿವೆ. ಅವುಗಳದ್ದು ಈ ಬಣ್ಣ. ಒಂಚೂರು ಬಿಸಿ ಮಾಡಿದ್ರೆ ಬಿಡಿಸ್ಕೊಳ್ತವೆ. ಬನ್ನಿ, ತೋರಿಸ್ತೀನಿ."

ಎಲ್ಲರೂ ಅಡುಗೆಮನೆಗೆ ಹೋದೆವು. ನಾನು ಗ್ಯಾಸ್ ಹಚ್ಚಿದೆ. ಅವರು ನಳಿಕೆಯನ್ನು ಇಕ್ಕಳದಲ್ಲಿ ಹಿಡಿದು, ಉರಿಯ ಮೇಲೆ ಮೆಲ್ಲಗೆ ತಿರುಗಿಸುತ್ತ ಹೋದರು. ಬಣ್ಣ ಮೊದಲು ಜೇನಿನ ಹಾಗಾಯಿತು, ಮತ್ತೆ ತೆಳು ಚಹಾದ ಹಾಗೆ, ಆಮೇಲೆ... ಇಲ್ಲವೇ ಇಲ್ಲ. ಇಕ್ಕಳದ ತುದಿಯಲ್ಲಿ ಬರೀ ಬಿಳಿ ಗಾಜು.

"ಅಯ್ಯೋ, ನಿಮ್ಮದು ಹಾಳಾಯ್ತಲ್ಲ ಮೇಡಂ!" ಎಂದು ಅಮ್ಮ ನೊಂದುಕೊಂಡಳು.

"ಹಾಳಾಗಲಿಲ್ಲ. ಇವತ್ತು ಕೆಲಸಕ್ಕೆ ಬಂತು" ಎಂದರು ಅವರು.

ಅತ್ತೆಗೆ ಇನ್ನೂ ಸಮಾಧಾನವಾಗಿರಲಿಲ್ಲ. ಬಹಳ ದಿನದಿಂದ ಗಂಟಲಲ್ಲಿದ್ದ ಮಾತನ್ನು ಕೇಳಿಯೇಬಿಟ್ಟರು. "ಹಾಗಾದ್ರೆ ನಿಮಗ್ಯಾಕೆ ಮಕ್ಕಳಾಗ್ಲಿಲ್ಲ? ಎಲ್ಲರೂ ಅದಕ್ಕೇ ಅಂತಾರಪ್ಪ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಮೇಡಂ ಗ್ಯಾಸ್ ಆರಿಸಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು.

"ಅದಕ್ಕೆ ಕಾರಣ ಇದೆ. ಅದು ನನ್ನ, ನನ್ನ ಯಜಮಾನರ ವಿಷಯ. ಡಾಕ್ಟರಿಗೂ ಗೊತ್ತು, ನಮಗೂ ಗೊತ್ತು. ಕೋಬಾಲ್ಟಿನ ಮೇಲೆ ಆ ತಪ್ಪು ಹೊರಿಸ್ಬೇಡಿ ಅಕ್ಕ. ಲ್ಯಾಬಲ್ಲಿ ನಾವು ಗೋಡೆ ಈಚೆ ನಿಂತು, ಎದೆ ಮೇಲೆ ಅಳತೆಯ ಬ್ಯಾಡ್ಜ್ ಹಾಕ್ಕೊಂಡು ಕೆಲಸ ಮಾಡ್ತಿದ್ವಿ. ಭಯ ಪಡಬೇಕಾದ ಕಡೆ ನಾನೂ ಭಯ ಪಡ್ತೀನಿ. ಕೆಲವು ಕಾಯಿಲೆಗೆ ವಿಕಿರಣ ಇರೋ ಮದ್ದನ್ನೇ ಕುಡಿಸ್ತಾರೆ, ಆಗ ಕೆಲವು ದಿನ ಮಕ್ಕಳಿಂದ ದೂರ ಇರ್ಬೇಕು. ಇವರದ್ದು ಅದಲ್ಲ. ಹೊರಗಿಂದ ಬಿಟ್ಟ ಕಿರಣ. ಯಂತ್ರ ನಿಲ್ಲಿಸಿದ ತಕ್ಷಣ ಮುಗೀತು. ಮೈಯೊಳಗಿನ ನೀರಿನ ಚೂರುಗಳು ಆ ಕೆಟ್ಟ ಗಂಟಿನ ಅಳಿದುಳಿದ ಬೇರನ್ನು ಹೊಡೀತವೆ, ರೆಪ್ಪೆ ಬಡಿಯೋದ್ರೊಳಗೆ ತಾವೂ ಸಾಯ್ತವೆ. ಆ ಚೂರುಗಳ ಹಿಂದೆ ನಾನು ವರ್ಷಗಟ್ಟಲೆ ಓಡಿದೀನಿ. ನಂಗೆ ಗೊತ್ತು."

ಒಂದೇ ಉಸಿರಿಗೆ ಹೇಳಿದ ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ಕೊನೆಯ ಎರಡು ಪದ ಹೇಳುವಾಗ ಅವರ ಒಡಕು ದನಿ ಎಷ್ಟು ಗಟ್ಟಿಯಾಗಿತ್ತೆಂದರೆ... ಈಗಲೂ ತರಗತಿಯಲ್ಲಿ ನಿಂತು ಏನನ್ನಾದರೂ ಖಚಿತವಾಗಿ ಹೇಳುವಾಗ ನನಗೆ ಆ ದನಿಯೇ ಕೇಳುತ್ತದೆ.

ಅಮ್ಮನಿಗೆ ಹಾಕಿಟ್ಟಿದ್ದ ಬೇರೆ ತಟ್ಟೆಯಲ್ಲಿ ಕಡುಬು ಇತ್ತು. ಮೇಡಂ ಅದನ್ನು ತಮ್ಮ ಕಡೆ ಎಳೆದುಕೊಂಡು ಅರ್ಧ ತಿಂದರು, ಉಳಿದದ್ದನ್ನು ಅಮ್ಮನಿಗೆ ಕೊಟ್ಟರು. ಅಮ್ಮ ತಿನ್ನುತ್ತ ತಿನ್ನುತ್ತ ಕಣ್ಣೊರೆಸಿಕೊಂಡಳು. ಕೇಳಿದ್ದು ಒಂದೇ ಮಾತು. "ಮಕ್ಕಳಿಗೆ ಏನೂ ಆಗಲ್ಲ ಅಲ್ದಾ ಮೇಡಂ?"

"ಆಗಲ್ಲ. ಪೂರ್ತಿ ಮುಗಿಸಿ ಬನ್ನಿ. ನಾಳೆ ನಾನೂ ಜೊತೆಗೆ ಬರ್ತೀನಿ."

ಸೋಮವಾರ ರಜೆ ಹಾಕಿ ಮೇಡಂ ಅಮ್ಮನ ಜೊತೆ ಘಟ್ಟ ಇಳಿದರು. ಅಪ್ಪನೂ ಹೋಗಿದ್ದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಮ್ಮ, ಮೇಡಂ ಇಬ್ಬರೂ ಅಂಗನವಾಡಿಯ ಮಕ್ಕಳ ಕತೆ ಹೇಳಿಕೊಂಡು ನಗುತ್ತಿದ್ದರಂತೆ.

ಚಿಕಿತ್ಸೆ ಮುಗಿಯಿತು. ದಣಿವು ಇಳಿಯಲು ಕೆಲವು ತಿಂಗಳು ಬೇಕಾಯಿತು. ಅಮ್ಮ ಕೆಲಸಕ್ಕೆ ಹಿಂತಿರುಗಿದ ದಿನ ನಾನೂ ಜೊತೆಗಿದ್ದೆ. ಚಾಪೆ ಹಾಸಿ, ಗೊಂಬೆ ಜೋಡಿಸಿ ಕೂತಳು. ಮಕ್ಕಳು ಬರಲಿಲ್ಲ. ಎದುರಿನ ಜಗಲಿಯಲ್ಲಿ ತಾಯಂದಿರು ಮಕ್ಕಳ ಕೈ ಹಿಡಿದು ನಿಂತೇ ಇದ್ದರು. ಆಗ ಅತ್ತೆ ಬರುತ್ತಿರುವುದು ಕಂಡಿತು, ಕಂಕುಳಲ್ಲಿ ಮೊಮ್ಮಗಳು. ಯಾರ ಕಡೆಗೂ ನೋಡದೆ ಒಳಗೆ ಬಂದು, ಮಗುವನ್ನು ಅಮ್ಮನ ತೊಡೆಯ ಮೇಲೆ ಕೂರಿಸಿದರು. ಹೊರಗೆ ಕೇಳಿಸುವ ಹಾಗೆ, "ಇವತ್ತಿಂದ ಇವಳನ್ನ ನೀನೇ ನೋಡ್ಕೋ ಮಾರಾಯ್ತಿ. ನನ್ನ ಕೈಲಾಗಲ್ಲ" ಎಂದರು. ಅತ್ತೆಯ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ಉಳಿದ ಮಕ್ಕಳು ಒಬ್ಬೊಬ್ಬರಾಗಿ ಬಂದರು.

ಸಂಜೆ ಮೇಡಂ ಮನೆಗೆ ಓಡಿ ಸುದ್ದಿ ಹೇಳಿದೆ. ತಮ್ಮದೇ ಪ್ರಯೋಗ ಗೆದ್ದ ಹಾಗೆ ಅವರು ಚಪ್ಪಾಳೆ ತಟ್ಟಿದರು. ಅವರ ಬಾವಿಯ ನೀರಲ್ಲಿ ಮಾಡಿದ ಕಾಫಿ ಕುಡಿದು ಬಂದೆ. ಮುಂದೆ ನಾನೂ ರಸಾಯನಶಾಸ್ತ್ರವನ್ನೇ ಓದಿದೆ. ಬೇರೆ ವಿಷಯ ಯೋಚಿಸಿದ್ದೇ ನೆನಪಿಲ್ಲ.

ನಿವೃತ್ತಿಯ ನಂತರ ಅವರು ತೀರ್ಥಹಳ್ಳಿಗೆ ಹೋದರು. ವರ್ಷಕ್ಕೊಮ್ಮೆಯಾದರೂ ಹೋಗಿ ನೋಡುತ್ತಿದ್ದೆವು. ಹೋದ ವರ್ಷ ಮಧ್ಯಾಹ್ನದ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ನಾವು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಯಜಮಾನರು ಅಮ್ಮನ ಕೈ ಹಿಡಿದುಕೊಂಡು, "ನಿಮ್ಮ ವಿಷಯ ಅವಳು ಎಲ್ಲರ ಹತ್ರ ಹೇಳ್ತಿದ್ಲು" ಎಂದಷ್ಟೇ ಹೇಳಿದರು. ತನಗೆ ಅವರು ಹೆಮ್ಮೆಯಾಗಿದ್ದ ಹಾಗೆ ಅವರಿಗೂ ತಾನು ಹೆಮ್ಮೆಯಾಗಿದ್ದೆ ಎಂದು ಅಮ್ಮನಿಗೆ ಗೊತ್ತಾದದ್ದು ಅವತ್ತು...

ಅಮ್ಮ ಈಗ ಸಾಗರದಲ್ಲಿ ನನ್ನ ಜೊತೆ ಇದ್ದಾಳೆ. ಕರೆಂಟು ಕೊಡಿಸಿಕೊಳ್ಳಬೇಕಾದ ಹೆಂಗಸರು ಅವರಿವರಿಂದ ಕೇಳಿ ತಿಳಿದು ಅವಳನ್ನು ಹುಡುಕಿಕೊಂಡು ಬರುತ್ತಾರೆ. ಮೊನ್ನೆಯೂ ಒಬ್ಬಾಕೆ ಬಂದಿದ್ದಳು, ಎಳೆಯ ಮಗುವಿನ ತಾಯಿ. ಅಮ್ಮ ತನಗೆ ತಿಳಿದಷ್ಟನ್ನು ಹೇಳಿ, ಡಾಕ್ಟರ ಹತ್ತಿರ ಕೇಳಬೇಕಾದದ್ದನ್ನೂ ಹೇಳಿಕೊಟ್ಟಳು.

"ಇದೆಲ್ಲ ನಿಮಗೆ ಯಾರು ಹೇಳಿದ್ದು ಅಮ್ಮ? ನಾನೂ ಅವರನ್ನ ಒಂದ್ಸಲ ನೋಡ್ಬಹುದಾ?" ಎಂದು ಆಕೆ ಕೇಳಿದಳು.

"ಇಲ್ವಲ್ಲ ಮಗಾ. ಹೋಗ್ಬಿಟ್ರು" ಎಂದಳು ಅಮ್ಮ. ಆಮೇಲೆ ಆಕೆಯ ತೊಡೆಯ ಮೇಲಿದ್ದ ಮಗುವಿಗೆ ಕೈ ಚಾಚಿದಳು. "ಇದನ್ನ ಇಲ್ಲಿ ಕೊಡು. ನೀನು ಕೈತೊಳ್ಕೊಂಡು ಬಾ, ಒಟ್ಟಿಗೆ ಉಣ್ಣೋಣ."