ರಣಹದ್ದು: ಸೊನ್ನೆ

ಅವನಷ್ಟು ಮೊಂಡ ಅರಣ್ಯ ಇಲಾಖೆಯಲ್ಲಿ ಇನ್ನೊಬ್ಬನಿರಲಿಲ್ಲ. ಜೊತೆಯವರು ಇಟ್ಟ ಹೆಸರೇ ಮೊಂಡ ರೇಂಜರ್. ಮೂವತ್ತೊಂದು ವರ್ಷ ಒಂದೇ ಕಾಡು, ತಗಡಿನ ಚಾವಣಿಯ ಒಂದೇ ಕಚೇರಿ, ಕಾಲಿಗೆ ಕಾಗದ ಮಡಚಿಟ್ಟ ಒಂದೇ ಕುಂಟು ಮೇಜು. ವರ್ಗಾವಣೆ ಬೇಡವೆಂದು ಎರಡು ಸಲ ಬಡ್ತಿಯನ್ನೇ ಬಿಟ್ಟ. "ಕಾಡನ್ನೇ ಕಟ್ಕೊಳ್ಳೋದಲ್ವಾ, ನನ್ನನ್ಯಾಕೆ ಕಟ್ಕೊಂಡ್ರಿ?" ಎಂದು ಹೆಂಡತಿ ಕೇಳುತ್ತಲೇ ಇದ್ದಳು. ಅವನು ಬೂಟು ಕಟ್ಟಿಕೊಂಡು ಕಾಡಿಗೆ ಹೊರಡುತ್ತಿದ್ದ.

ತಿಂಗಳಿಗೊಮ್ಮೆ ಪ್ರಾಣಿಪಕ್ಷಿಗಳನ್ನು ಎಣಿಸಿ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಕೆಲಸಕ್ಕೆ ಸೇರಿದ ಹೊಸತು, ಹುರುಪು ಬೇರೆ. ನೀರುನಾಯಿಗಳ ಬಿಲ ಯಾವ ಮಡುವಿನ ದಂಡೆಯಲ್ಲಿದೆ ಎಂದು ನಕ್ಷೆ ಸಮೇತ ಬರೆದ. ಅದು ಮೇಲಿನ ಕಚೇರಿಗೆ ಹೋಯಿತು, ಅಲ್ಲಿಂದ ಯಾವ ಪುಣ್ಯಾತ್ಮನ ಕೈಗೆ ಹೋಯಿತೋ, ಎರಡೇ ವಾರದಲ್ಲಿ ಬಿಲಗಳ ಬಾಯಿಗೆ ಉರುಳು ಬಿದ್ದಿತ್ತು. ಚರ್ಮ ಸುಲಿದು ಬಿಸಾಡಿದ ಆರು ದೇಹಗಳನ್ನು ಅವನೇ ಹೂತ. ಬರೆದರೆ ಸಾಯುತ್ತವೆ, ಬರೆಯದಿದ್ದರೆ ಬದುಕುತ್ತವೆ ಎಂದು ಅಂದೇ ತೀರ್ಮಾನಿಸಿಬಿಟ್ಟ.

ಮರುವರ್ಷ ಕಾಡಿನ ಅಂಚಿನ ಕೆಂಪು ಬಂಡೆಯ ಮೇಲೆ ರಣಹದ್ದುಗಳ ನಾಲ್ಕು ಗೂಡು ಕಂಡವು. ಮೊಂಡ ರೇಂಜರ್ ರಿಜಿಸ್ಟರ್ ತೆರೆದು ಆ ಹಕ್ಕಿಯ ಎದುರು ಸೊನ್ನೆ ಬರೆದ. ಮೂವತ್ತು ವರ್ಷ, ತಿಂಗಳು ತಪ್ಪದೆ ಸೊನ್ನೆ, ಕೆಳಗೆ ಸಹಿ. ರಜೆಯ ದಿನ ಒಬ್ಬನೇ ಹೋಗಿ ಎದುರಿನ ದಿಬ್ಬದಲ್ಲಿ ಹೊಟ್ಟೆ ಮೇಲೆ ಮಲಗಿ ನೋಡಿ ಬರುತ್ತಿದ್ದ. ನಾಲ್ಕು ಹೋಗಿ ಹತ್ತೊಂಬತ್ತಾಯಿತು. ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ.

ನಿವೃತ್ತಿಗೆ ಮೂರು ತಿಂಗಳಿದ್ದಾಗ ದೊಡ್ಡ ಸಾಹೇಬರು ಕರೆಸಿದರು. ಬಾಯಿ ಬೆಲ್ಲ, ಕರುಳು ಕತ್ತರಿ ಅನ್ನುವಂಥ ಮನುಷ್ಯ.

"ಕೆಂಪು ಬಂಡೆಯಲ್ಲಿ ಕಲ್ಲು ಗಣಿ ಬರ್ತಿದೆ. ಅನುಮತಿ ಸಲೀಸಾಗಿ ಸಿಕ್ತು, ನಿಮ್ಮ ರಿಜಿಸ್ಟರಿನಿಂದ. ಅಲ್ಲಿ ಏನೂ ಇಲ್ವಲ್ಲ."

"ಇದೆ ಸರ್. ಹತ್ತೊಂಬತ್ತು ಗೂಡು ರಣಹದ್ದು. ನಾನೇ ಬೇಕಂತ ಬರೀಲಿಲ್ಲ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನೀವೇ ಹೇಳಿ. ಮೂವತ್ತು ವರ್ಷದ ನಿಮ್ಮ ಸಹಿ ನಂಬ್ಲಾ, ಇವತ್ತಿನ ಮಾತು ನಂಬ್ಲಾ?"

ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನೆ ಹೇಳಿದ್ದಾರೆಯೇ. ಮೊಂಡ ರೇಂಜರ್ ಅರ್ಜಿ ಬರೆದ. ಫೋಟೊ ತೆಗೆದು ಕಳಿಸಿದ. ಅದು ಇದೇ ಬಂಡೆ ಎನ್ನುವುದಕ್ಕೆ ಆಧಾರವೇನು ಎಂದು ಕೇಳಿ ಪತ್ರ ಬಂತು. ಯಾರ ಮುಂದೂ ತಲೆ ಬಗ್ಗಿಸದವನು ಗುಮಾಸ್ತರ ಮೇಜಿನಿಂದ ಮೇಜಿಗೆ ಅಲೆದ. ಕೊನೆಗೂ ಪರಿಶೀಲನೆಗೆ ಆದೇಶವಾಯಿತು, ಏಳನೇ ವಾರದಲ್ಲಿ. ಅಷ್ಟರಲ್ಲಿ ಗಣಿಯವರು ಪರೀಕ್ಷೆಗೆಂದು ನಾಲ್ಕು ಸಿಡಿಮದ್ದು ಸಿಡಿಸಿ ಮುಗಿಸಿದ್ದರು. ತಂಡದ ಜೊತೆ ಅವನೂ ಹತ್ತಿದ. ಗೂಡುಗಳ ಕಡ್ಡಿ ಚೆದುರಿತ್ತು, ಮೊಟ್ಟೆ ಒಡೆದು ಕಲ್ಲಿಗೆ ಒಣಗಿತ್ತು. ಆಕಾಶದಲ್ಲಿ ಒಂದು ರೆಕ್ಕೆಯೂ ಇರಲಿಲ್ಲ. ತಂಡದವರು ತಮ್ಮ ಹಾಳೆಯಲ್ಲಿ ಸೊನ್ನೆ ಬರೆದುಕೊಂಡು ಇಳಿದರು. ಅವನು ಅಲ್ಲೇ ಕುಳಿತು ಅತ್ತ.

ಬೀಳ್ಕೊಡುಗೆಯ ದಿನ ಕಚೇರಿ ತುಂಬ ಕುರ್ಚಿ ಹಾಕಿದ್ದರು. ದೊಡ್ಡ ಸಾಹೇಬರು ಅವನ ರಿಜಿಸ್ಟರುಗಳನ್ನು ಮೇಜಿನ ಮೇಲೆ ಪೇರಿಸಿ, ಮೇಲಿನದರ ಮೇಲೆ ಅಂಗೈ ಇಟ್ಟು ಹೇಳಿದರು: "ಮೂವತ್ತೊಂದು ವರ್ಷ. ಒಂದೇ ಒಂದು ಸುಳ್ಳು ಬರೆದವರಲ್ಲ."

ಹೊಸ ಗಾರ್ಡುಗಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎರಡು ಮಾತಾಡಿ ಎಂದಾಗ ಅವನು ಎದ್ದ, ಬಾಯಿ ತೆರೆದ, "ಎಲ್ಲರಿಗೂ ವಂದನೆ" ಎಂದು ಕುಳಿತುಬಿಟ್ಟ.

ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ ಅಂದಳು, "ಇವತ್ತಾದ್ರೂ ಹೇಳ್ಬಿಡೋದಲ್ವಾ."

"ಹೇಳಿ ಯಾರನ್ನ ಉಳಿಸ್ಲಿ?" ಎಂದ.