ಅಕ್ಕನಿಗೆ ಕೊಡಬೇಕಿದ್ದ ಲಿವರ್

ನನ್ನ ಲಿವರ್‌ನಲ್ಲಿ ಕೊಬ್ಬು ತುಂಬಿದೆ ಎಂದು ತಿಳಿದದ್ದು ಅದರ ಒಂದು ಭಾಗವನ್ನು ಅಕ್ಕನಿಗೆ ಕೊಡಲು ಹೊರಟಾಗ. ಕೆಂಗೇರಿ ಉಪನಗರದಲ್ಲಿರುವ ಅಕ್ಕನ ಲಿವರ್ ಪೂರ್ತಿ ಕೆಟ್ಟಿತ್ತು. ಮನೆಯವರಲ್ಲಿ ಹೊಂದಿಕೆಯಾದದ್ದು ನನ್ನದೊಂದೇ. ನಾನು ದಪ್ಪಗಿಲ್ಲ, ಕುಡಿದವಳೂ ಅಲ್ಲ. ಆದರೂ ಡಾಕ್ಟರ್, "ಇಷ್ಟು ಕೊಬ್ಬಿದ್ರೆ ತಗೊಳ್ಳೋಕಾಗಲ್ಲ ಮೇಡಂ. ನಿಮಗೂ ಅಪಾಯ, ಅವರಿಗೂ ಅಪಾಯ. ಕರಗಿಸಿಕೊಂಡು ಬನ್ನಿ," ಎಂದರು. ವಿಟಮಿನ್ ಡಿ ಕೂಡ ತೀರಾ ಕಡಿಮೆ ಇತ್ತು. ಅದಕ್ಕೆ ವಾರಕ್ಕೊಮ್ಮೆ ಹಾಲಿನಲ್ಲಿ ಕಲಸಿ ಕುಡಿಯುವ ಪುಡಿ ಬರೆದುಕೊಟ್ಟರು.

ಡಿ ಏರಿದರೆ ಕೊಬ್ಬು ಇಳಿಯುತ್ತದೆ ಎಂದು ಅವರು ಹೇಳಿರಲಿಲ್ಲ. ಎರಡನ್ನೂ ಗಂಟು ಹಾಕಿದವಳು ನಾನು. ಆಗ ನನಗೆ ಹಿಡಿದುಕೊಳ್ಳಲು ಏನಾದರೊಂದು ಬೇಕಿತ್ತು.

ಪುಡಿಗೆ ಸೋಮವಾರವನ್ನು ಗೊತ್ತುಮಾಡಿಕೊಂಡೆ. ದಾವಣಗೆರೆ ಕಡೆಯಿಂದ ಬಂದ ನಮ್ಮ ಮನೆಯಲ್ಲಿ ಅಂದು ಒಪ್ಪತ್ತು. ರಾತ್ರಿ ಮಾತ್ರ ಊಟ. ಮರೆಯುವ ಮಾತೇ ಇಲ್ಲ. ಹಾಲಿನಲ್ಲೂ ಕೊಬ್ಬಿದೆಯಲ್ಲ ಎಂದು ಅದನ್ನು ಬಿಟ್ಟು, ಬೆಳಿಗ್ಗೆ ಪೂಜೆ ಮುಗಿಸಿ ಖಾಲಿ ಹೊಟ್ಟೆಯಲ್ಲಿ ನೀರಿಗೆ ಬೆರೆಸಿ ಕುಡಿಯುತ್ತಿದ್ದೆ. ತುಪ್ಪ, ಶೇಂಗಾ ಚಟ್ನಿಪುಡಿ, ಸಿಹಿ ಎಲ್ಲ ಬಿಟ್ಟೆ. ದಿನವೂ ಅತ್ತಿಗುಪ್ಪೆಯಿಂದ ವಿಜಯನಗರಕ್ಕೆ ನಡೆದು ಹೋಗಿ, ನಡೆದೇ ಬರುತ್ತಿದ್ದೆ.

ಮತ್ತೆ ಪರೀಕ್ಷೆಯಾಯಿತು. ಡಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಪುಡಿ ಹೇಗೆ ತೆಗೆದುಕೊಂಡಿರಿ ಎಂದು ಡಾಕ್ಟರ್ ಕೇಳಿದರು. ಹೇಳಿದೆ.

"ಅದು ಕೊಬ್ಬಲ್ಲಿ ಕರಗೋ ವಿಟಮಿನ್. ಊಟದ ಜೊತೆ ತಗೋಬೇಕು. ನೀವು ಉಪವಾಸದ ದಿನಾನೇ ಹುಡುಕಿದೀರಲ್ಲ ಮೇಡಂ."

"ಹಾಗಾದ್ರೆ ಕೊಬ್ಬು ಕರಗಿಲ್ವಾ ಸಾರ್?"

"ಕರಗಿದೆ. ನಮಗೆ ಬೇಕಾದಷ್ಟು ಇಳಿದಿದೆ."

ಸಂತೋಷಪಡುವ ಬದಲು, ಡಿ ಏರದೆ ಅದು ಹೇಗೆ ಎಂದು ಕೇಳಿದೆ. ಅವರು ನಿಧಾನವಾಗಿ ವಿವರಿಸಿದರು. ಡಿ ದೇಹದಲ್ಲಿ ಹಾರ್ಮೋನಾಗಿ ಬದಲಾಗಿ, ಕೋಶದೊಳಗೆ ಅದನ್ನು ಹಿಡಿದುಕೊಳ್ಳುವ ಗ್ರಾಹಕಕ್ಕೆ, ಅಂದರೆ ರಿಸೆಪ್ಟರ್‌ಗೆ, ಅಂಟಿಕೊಳ್ಳುತ್ತದೆ. ಆಮೇಲೆ ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ಸೂಚನೆ ಹೋಗುತ್ತದೆ. ಡಿ ಕಡಿಮೆಯಿರುವ ಎಷ್ಟೋ ಜನರ ಲಿವರ್‌ನಲ್ಲಿ ಕೊಬ್ಬು ಕಾಣುತ್ತದೆ, ನಿಜ. ಆದರೆ ಇಲಿಗಳ ಲಿವರ್ ಕೋಶದಿಂದ ಆ ಗ್ರಾಹಕವನ್ನೇ ತೆಗೆದಾಗ ಕೊಬ್ಬು ಕಡಿಮೆಯಾದದ್ದೂ ಉಂಟು. ಅದೇ ಲಿವರ್‌ನ ಬೇರೆ ಬಗೆಯ ಕೋಶಗಳಲ್ಲಿ ಅದೇ ಸೂಚನೆ ಉರಿಯೂತವನ್ನು ತಣಿಸುತ್ತದಂತೆ.

"ಅಂದ್ರೆ ಅದು ಒಳ್ಳೇದಾ, ಕೆಟ್ಟದ್ದಾ?"

"ಯಾವ ಕೋಶದಲ್ಲಿ ಅನ್ನೋದರ ಮೇಲಿದೆ. ಮನುಷ್ಯರಲ್ಲಿ ಹೇಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ನಿಮ್ಮದು ಊಟ, ನಡಿಗೆಯಿಂದ ಇಳಿದಿರಬೇಕು. ಮೂಳೆಗೆ ಬೇಕಲ್ಲ, ಡಿ ಬಿಡಬೇಡಿ. ಊಟ ಮಾಡೋ ದಿನ ತಗೊಳ್ಳಿ."

ಮೆಟ್ರೋದಲ್ಲಿ ಕೆಂಗೇರಿಗೆ ಹೋಗುವಾಗ ಅದನ್ನೇ ಮತ್ತೆ ಮತ್ತೆ ಜೋಡಿಸಲು ನೋಡಿದೆ. ಜೋಡಣೆಯಾಗಲಿಲ್ಲ. ಅಕ್ಕ ಮಂಚದ ಮೇಲೆ ಒರಗಿದ್ದಳು, ಕಣ್ಣು ಹಳದಿಯಾಗಿತ್ತು. ಗ್ರಾಹಕ, ಇಲಿ, ಸೂಚನೆ ಎಂದು ನಾನು ಒಂದೇ ಸಮನೆ ಹೇಳತೊಡಗಿದೆ.

"ಇಲಿ ವಿಷಯ ಆಮೇಲೆ ಹೇಳೇ," ಎಂದಳು. "ನಿಂದು ನಂಗೆ ಆಗುತ್ತಾ, ಇಲ್ವಾ?"

"ಆಗುತ್ತಂತೆ."

"ಅದನ್ನ ಹಾಕಿದ್ಮೇಲೆ ನಾನೂ ನಿನ್ನಂಗೆ ಎಲ್ಲಾದಕ್ಕೂ ಯಾಕೆ, ಹೆಂಗೆ ಅಂತ ಕೇಳ್ತಾ ಕೂರ್ತೀನೇನೋ," ಎಂದು ಅಕ್ಕ ಗೋಡೆಯ ಕಡೆಗೆ ಸರಿದು, ನನಗೆ ಕೂರಲು ಜಾಗ ಮಾಡಿದಳು.