ಅತ್ತೆ ತುಂಬಿಟ್ಟ ಬಾಟಲಿ

ಎಂಬತ್ತರ ದಶಕದ ಮೊದಲ ವರ್ಷಗಳು. ಅಮೆರಿಕದ ಫ್ರೀಮಾಂಟಿನಲ್ಲಿ ನಮ್ಮ ಪಕ್ಕದ ಮನೆಯ ತಾತ ಬೆಳಿಗ್ಗೆಯೇ ಗ್ಯಾರೇಜಿನ ಬಾಗಿಲೆತ್ತಿ ಒಳಗೆ ಏನೋ ಕಟಕಟ ಮಾಡುತ್ತಿದ್ದರು. ನನ್ನ ಗಂಡ ಸೇತುವೆ ದಾಟಿ ಆಫೀಸಿಗೆ ಹೋದಮೇಲೆ ನನಗೆ ದಿನವಿಡೀ ಅದೇ ಕುತೂಹಲ. ಊರವರ ವಿಷಯಕ್ಕೆ ಮೂಗು ತೂರಿಸಬಾರದು ಅಂತ ನನಗೆ ಗೊತ್ತು, ನನ್ನ ಮೂಗಿಗೆ ಗೊತ್ತಿಲ್ಲ. ಒಂದು ದಿನ ಹೋಗಿ ಕೇಳಿಯೇಬಿಟ್ಟೆ.

ಗುಂಡು ಹಾರಿದಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಗಳಿಗೆ ತಾತ ಮತ್ತೆ ಮದ್ದು ತುಂಬುತ್ತಿದ್ದರು. ಪ್ರತಿ ತೋಟಾದ ತಳಕ್ಕೂ ಒಂದು ಪುಟ್ಟ ಲೋಹದ ಬಟ್ಟಲು ಕೂರಿಸಬೇಕು; ಅದರ ಹೆಸರು ಪ್ರೈಮರ್. ದೀಪಾವಳಿಯಲ್ಲಿ ನಾವು ಆಟದ ಪಿಸ್ತೂಲಿಗೆ ಹಾಕುತ್ತಿದ್ದ ಕೇಪಿನ ಜಾತಿಯದೇ, ಆದರೆ ಅದರಪ್ಪ. ಬಂದೂಕಿನ ಮೊಳೆ ಬಡಿದರೆ ಮೊದಲು ಇದು ಸಿಡಿದು ಒಳಗಿನ ಮದ್ದಿಗೆ ಬೆಂಕಿ ಹಚ್ಚುತ್ತದೆ.

ಕಾಳಿನಷ್ಟು ವಸ್ತುವಿಗೆ ಇಷ್ಟಗಲ ಪೆಟ್ಟಿಗೆ ಯಾಕೆ ಎಂದು ಕೇಳಿದೆ. ಒಂದಕ್ಕೊಂದು ತಾಗಬಾರದು, ಗುಡ್ಡೆ ಹಾಕಿದರೆ ಒಂದು ಸಿಡಿದಾಗ ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ ಎಂದರು. ಕೆಳಗಿನ ಕಪಾಟಿನಲ್ಲಿ ತೀರಿಕೊಂಡ ಅವರ ಅಣ್ಣನ ಹಳೇ ಪೆಟ್ಟಿಗೆಗಳಿದ್ದವು. ಅವುಗಳ ಮದ್ದು ಪುಡಿಯಾಗಿ ಉದುರಿರಬಹುದು, ಆ ಪುಡಿಯನ್ನು ಉಜ್ಜಿದರೂ ಸಾಕು, ಸಿಡಿಯುತ್ತದಂತೆ. ಹಾಗಾದರೆ ಯಾಕೆ ಇಟ್ಟುಕೊಂಡಿದ್ದೀರಿ ಎಂದೆ. ಅಣ್ಣನದು ಎಂದರು, ಅಷ್ಟೇ.

ಆ ಬೇಸಿಗೆಗೆ ಮೈಸೂರಿನಿಂದ ನಮ್ಮತ್ತೆ ಬಂದರು. ಅವರಿಗೆ ಇಂಗ್ಲಿಷ್ ಬಾರದು, ತಾತನಿಗೆ ಕನ್ನಡ ಬಾರದು, ಆದರೂ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಏನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು! ನಮ್ಮತ್ತೆಗೊಂದು ಚಾಳಿ. ಗ್ರೋಸರಿಯಿಂದ ತಂದ ಯಾವ ಪೊಟ್ಟಣವೂ ಸಂಜೆವರೆಗೆ ಪೊಟ್ಟಣವಾಗಿ ಉಳಿಯುವ ಹಾಗಿಲ್ಲ. ತೊಳೆದು ಒಣಗಿಸಿದ ಕಾಫಿ ಬಾಟಲಿಗೆ ಸುರಿದು ಮುಚ್ಚಳ ಬಿಗಿಯಬೇಕು.

ಒಂದು ಮಧ್ಯಾಹ್ನ ಅತ್ತೆಯನ್ನು ಊಟಕ್ಕೆ ಕರೆಯಲು ತಾತನ ಮನೆಗೆ ಹೋದೆ. ಅತ್ತೆಗೆ ಕೊಡಲೆಂದು ತಾತ ಹಿತ್ತಲಿಗೆ ನಿಂಬೆಹಣ್ಣು ಕೀಳಲು ಹೋಗಿದ್ದರು. ಗ್ಯಾರೇಜಿನಲ್ಲಿ ಅತ್ತೆ ಒಬ್ಬರೇ. ಕಾಲ ಬಳಿ ಅಣ್ಣನ ಪೆಟ್ಟಿಗೆಗಳು ಖಾಲಿ ಬಿದ್ದಿದ್ದವು. ಅತ್ತೆಯ ಕೈಯಲ್ಲಿ ಗಾಜಿನ ಬಾಟಲಿ, ಅದರ ಕುತ್ತಿಗೆಯವರೆಗೂ ಪ್ರೈಮರ್.

"ರಟ್ಟೆಲ್ಲಾ ಗೆದ್ದಲು ತಿಂದಂಗಾಗಿತ್ತು ಕಣೆ. ಪಾಪ, ಹೆಣ್ಣು ದಿಕ್ಕಿಲ್ಲದ ಮನೆ. ಹೆಂಗೆ ಕೂತಿದೆ ನೋಡು," ಎಂದು ಬಾಟಲಿ ಎತ್ತಿ ತೋರಿಸಿದರು. ಇನ್ನೂ ಜಾಗ ಮಾಡಲು ಸಕ್ಕರೆ ಡಬ್ಬ ಕುಲುಕುವ ಹಾಗೆ ಅದನ್ನು ಕುಲುಕಲಿದ್ದರು.

ಕಿರುಚಿದರೆ ಬೆಚ್ಚಿ ಕೈಬಿಡುತ್ತಾರೆ. ಇಡಿ ಎಂದರೆ ಯಾಕೆ ಎಂದು ವಾದಕ್ಕಿಳಿಯುತ್ತಾರೆ. ಇಪ್ಪತ್ತು ಮಾತಿಗೆ ಮುಂಚೆ ನನ್ನ ಮಾತು ಕೇಳಿದವರೇ ಅಲ್ಲ. ಏನು ಹೇಳಿದರೆ ಆ ಕೈ ಅಲ್ಲಾಡದು?

"ಅತ್ತೆ, ಅದು ಉರೀತಿರೋ ಆರತಿ ತಟ್ಟೆ ಅಂದ್ಕೊಳ್ಳಿ. ದೀಪ ಆರಬಾರದು. ಹಾಗೇ ಮೆಲ್ಲಗೆ ಕೆಳಗಿಡಿ."

ಅವರು ನನ್ನ ಮುಖ ನೋಡಿದರು. ಅಲ್ಲಿ ಏನು ಕಂಡರೋ, ಮಂಡಿ ಬಗ್ಗಿಸಿ ಬಾಟಲಿಯನ್ನು ಸದ್ದಿಲ್ಲದೆ ನೆಲಕ್ಕಿಟ್ಟರು. ಅವರ ತೋಳು ಹಿಡಿದು ರಸ್ತೆಯಾಚೆಗೆ ನಡೆಸಿಕೊಂಡು ಹೋದೆ. ನಿಂಬೆಹಣ್ಣು ಹಿಡಿದು ಬಂದ ತಾತ ಒಳಗೆ ಇಣುಕಿ ಬಿಳಿಚಿಕೊಂಡರು. ನಮ್ಮ ಮನೆಗೆ ಬಂದೇ ಫೈರ್ ಸ್ಟೇಷನ್ನಿಗೆ ಫೋನ್ ಮಾಡಿದರು.

ಪಟಾಕಿಯ ಹಾಗೆ ನೀರಿಗೆ ಹಾಕಿದ್ದರೆ ಸಾಕಿತ್ತಲ್ಲ ಎಂದು ಆ ಗಾಬರಿಯಲ್ಲೂ ನಾನು ಕೇಳಿದೆ. ಮೂಗಿನ ಚಪಲ ಹೋಗಬೇಕಲ್ಲ. ನೆನೆದದ್ದು ಒಣಗಿದರೆ ಮತ್ತೆ ಸಿಡಿಯಬಹುದು, ನಂಬುವಂತಿಲ್ಲ ಎಂದರು ತಾತ. ಬಂದವರು ಬಾಟಲಿ ಒಯ್ಯುವಾಗ ಅಣ್ಣನ ಖಾಲಿ ಪೆಟ್ಟಿಗೆಗಳನ್ನೂ ತಾತ ತಾವಾಗಿಯೇ ಕೊಟ್ಟುಬಿಟ್ಟರು.

ಎಲ್ಲ ಮುಗಿದಮೇಲೆ ಅತ್ತೆಗೆ ವಿಷಯ ಬಿಡಿಸಿ ಹೇಳಿ, ತಟ್ಟೆ ಹಾಕಿದೆ. ತುತ್ತು ಬಾಯಿಗೆ ಹೋಗುವ ಮೊದಲೇ ಅನ್ನ ಉದುರಿತು. ಅಷ್ಟು ಹೊತ್ತು ಕಲ್ಲಿನ ಹಾಗಿದ್ದ ಬೆರಳುಗಳು ಈಗ ಗಡಗಡ ನಡುಗುತ್ತಿದ್ದವು. ನಾನು ತಟ್ಟೆ ಎಳೆದುಕೊಂಡು ಅನ್ನ ಕಲಸಿ ತುತ್ತು ಹಿಡಿದೆ.

"ಬಿಡೇ, ನನಗೇನು ಕೈ ಇಲ್ವಾ?" ಎಂದು ರೇಗಿದರು.

ನನಗೆ ಅಳು ತಡೆಯಲಾಗಲಿಲ್ಲ. "ಇದೆ ಅತ್ತೆ," ಎಂದೆ. ಅವರು ಬಾಯಿ ತೆರೆದರು.